ಮುದುಕಿ ಕೂತ ಮೂಲೆ

ಹನೂರು ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡ ಹುಡುಗಿಯೊಬ್ಬಳು, ಅವಳ ಚಿಕ್ಕವ್ವ.

“ಯಾಕ್ ಮಗಾ ಮೊಕ ಇಂಗ್ ಮಾಡ್ಕಂಡಿದ್ದೀಯೆ? ಕೆಲ್ಸ ಓಯ್ತಾ?”

“ಇನ್ನೂ ಇಲ್ಲ ಚಿಕ್ಕವ್ವ. ವಿಡಿಯೋ ಗೇಮ್‌ಗೆ ಬೆಳಕು, ನೆರಳು ಕೂರ್ಸೋದು ತಾನೆ ನನ್ ಕೆಲ್ಸ? ಮುಂದೆ ಬರೋ ಗೇಮ್ ಮಿಷನ್ನು ಅದ್ನೆಲ್ಲ ತಾನೇ ಮಾಡ್ಕತದಂತೆ. ರೇ ಟ್ರೇಸಿಂಗ್ ಅಂತಾರೆ.”

“ಅಂಗಂದ್ರೆ?”

“ದೀಪ ಎಲ್ಲಿ ಅದೆ ಅಂತ ತೋರುಸ್ಬುಟ್ರೆ ಸಾಕು. ಬೆಳಕು ಎಲ್ಲಿಗೆ ಬೀಳ್ತದೆ, ಗೋಡೆ ತಾಕಿ ಎತ್ತಗೆ ಓಯ್ತದೆ, ಆಟ ಆಡ್ತಿರೋವಾಗ್ಲೇ ಲೆಕ್ಕ ಆಕ್ತದೆ. ಈಗಿನವು ಅರ್ಧಂಬರ್ಧ ಮಾಡ್ತವೆ, ಮುಂದಿನವು ಪೂರ್ತಿ.”

“ನಿನ್ಗಿಂತ ಚೆಂದಾಗಾ?”

“ದಿಟ್ವಾಗಿ. ನಾನು ಮಾಡ್ತಿದ್ದುದು ಸುಳ್ಳು ಬೆಳಕು. ಗೇಮಲ್ಲಿ ಒಂದ್ ಮನೆಗೆ ಬೆಳಕು ಕೂರ್ಸಿದ್ದೆ. ಅಡ್ಗೆಮನೆ ಮೂಲೇಲಿ ಮುದ್ಕಿ ಸೊಪ್ಪು ಬಿಡಿಸ್ತಾ ಕೂತವ್ಳೆ. ಅಲ್ಗಂಟ ಕಿಟ್ಕಿ ಬೆಳಕು ಬರಾಕಿಲ್ಲ. ಅವ್ಳ ಮೊಕ ಕಾಣ್ಲಿ ಅಂತ ನಾನೇ ಒಂಚೂರು ಬೆಳಕು ಮಡಗಿದ್ದೆ.”

“ಮಿಷನ್ನು ಮಡಗಾಕಿಲ್ವಾ?”

“ಅದ್ಕೆ ಯಾಕ್ ಬೇಕು? ನೆನ್ನೆ ಆಫೀಸಲ್ಲಿ ಆ ಮನೇನ, ಪರೀಕ್ಷೆಗೆ ಅಂತ ಮುಂಚೇನೇ ಬಂದಿರೋ ಹೊಸ ಮಿಷನ್ನಿಗೆ ಆಕಿ ನೋಡುದ್ರು. ಮೂಲೆ ಪೂರ್ತಿ ಕತ್ಲು. ಮ್ಯಾನೇಜರ್ರು, ಈಗ ನಿಜವಾದ ಮನೆ ತರ ಇದೆ ಅಂತ ಚಪ್ಪಾಳೆ ತಟ್ಟುದ್ರು.”

“ಮುದ್ಕಿ?”

“ಅಲ್ಲೇ ಅವ್ಳೆ ಚಿಕ್ಕವ್ವ. ಕಾಣಾಕಿಲ್ಲ, ಅಷ್ಟೆ.”

ಬಸ್ಸು ಬಂತು. ಚಿಕ್ಕವ್ವ ಸೆರಗು ಕೊಡವಿ ಎದ್ದಳು.

“ಅವ್ರು ಅಂದುದ್ರಲ್ಲಿ ತಪ್ಪೇನೈತೆ? ದಿಟ್ವಾದ ಮನೇಲಿ ಅಂಗೇ ಅಲ್ವಾ? ನಾ ಮೂವತ್ ವರ್ಸದಿಂದ ಅದೇ ಮೂಲೇಲಿ ಕೂತಿವ್ನಿ. ಬಾ, ಸೀಟ್ ಇಡಿ.”

ಹುಡುಗಿ ಏಳಲಿಲ್ಲ. ಚಿಕ್ಕವ್ವನ ಮುಖವನ್ನೇ ನೋಡುತ್ತಿದ್ದಳು. ಕಂಡಕ್ಟರ್ ಕೂಗಿದ ಮೇಲೆ ಓಡಿ ಹತ್ತಿದಳು.