ನಡುಮನೆಯ ಬಲ್ಬು

ಡಿಸೆಂಬರ್ ೯, ಬೆಳಿಗ್ಗೆ ೯.೪೦. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕ ಮತ್ತು ತಮ್ಮ ಕೂತಿದ್ದರು. ಮರೆವಿನ ಕಾಯಿಲೆಯ ಅವರ ತಾಯಿ ನಸುಕಿನಲ್ಲಿ ಬಾಗಿಲು ತೆರೆದುಕೊಂಡು ಹೋಗಿ, ಚಳಿಯಲ್ಲಿ ಬೀದಿಯ ಕೊನೆಯಲ್ಲಿ ಕೂತಿದ್ದರೆಂದು ಮಾತಿನಿಂದ ತಿಳಿಯಿತು.

“ಬಾಗಿಲು ತೆಗೆದ್ರೆ ಫೋನ್ ಕೂಗುತ್ತೆ ಅಂದಿದ್ದೆಯಲ್ಲೋ?”

“ಕೂಗ್ಬೇಕಿತ್ತು ಅಕ್ಕ. ರಾತ್ರಿ ನಡುಮನೆ ಬಲ್ಬು ಆರಿಸಿದ್ಯಾ?”

“ಹೂಂ, ಗೋಡೆ ಸ್ವಿಚ್ಚಲ್ಲಿ. ಅಮ್ಮನ ಕಣ್ಣಿಗೆ ಹೊಡೀತಿತ್ತು.”

“ಅಲ್ಲೇ ಎಡವಟ್ಟಾಗಿದ್ದು. ಫೋನಿಗೆ ಸುದ್ದಿ ಕಳಿಸೋ ಪೆಟ್ಟಿಗೆ ನಿನ್ನ ಕೋಣೇಲಿದೆಯಲ್ಲ, ಬಾಗಿಲ ಸೆನ್ಸರಿನ ಸಿಗ್ನಲ್ ನೇರವಾಗಿ ಅಲ್ಲಿವರೆಗೂ ಬರಲ್ಲ. ನಡುವೆ ಆ ಬಲ್ಬೇ ಈಸ್ಕೊಂಡು ಮುಂದಕ್ಕೆ ದಾಟಿಸೋದು. ಫೋನಲ್ಲಿ ಆರಿಸಿದ್ರೆ ಬೆಳಕು ಮಾತ್ರ ಹೋಗುತ್ತೆ, ಒಳಗೆ ಕರೆಂಟು ಇರುತ್ತೆ. ಗೋಡೇಲಿ ಆರಿಸಿದ್ರೆ ಎಲ್ಲಾ ಹೋಯ್ತು.”

“ಬಲ್ಬು ಟಪಾಲು ಹಂಚುತ್ತೆ ಅಂತ ನನಗೇನು ಕನಸು ಬೀಳುತ್ತಾ?”

“ಹೇಳ್ಬೇಕಿತ್ತು. ಸ್ವಿಚ್ಚಿಗೊಂದು ಟೇಪಾದ್ರೂ ಅಂಟಿಸ್ಬೇಕಿತ್ತು.”

“ಇಷ್ಟು ವರ್ಷ ಅರೆಗಣ್ಣಲ್ಲೇ ಮಲಗ್ತಿದ್ದೆ ಕಣೋ. ನಿನ್ನ ಯಂತ್ರ ನಂಬ್ಕೊಂಡು ನಿನ್ನೆ ರಾತ್ರೀನೇ ಒಂದಿಷ್ಟು ನಿದ್ದೆ ಮಾಡಿದ್ದು.”

ತಮ್ಮ ಮುಖ ಒರೆಸಿಕೊಂಡ.

“ಇನ್ನು ಆ ಕೋಣೇಲಿ ನಾನು ಮಲಗ್ತೀನಿ. ನೀನು ನಮ್ಮನೆಗೆ ಹೋಗಿ ನಿದ್ದೆ ಮಾಡು.”

“ನೀನಾ? ನೀನು ಮಲಗಿದ್ರೆ ಮನೆ ಬಿದ್ರೂ ಏಳಲ್ಲ.”

ಅಷ್ಟರಲ್ಲಿ ನರ್ಸ್ ಬಂದರು.

“ಅಮ್ಮ ಮಾತಾಡ್ತಿದ್ದಾರೆ, ಬನ್ನಿ.”

ಅಕ್ಕ ಓಡಿದಳು. ತಮ್ಮ ನಡೆಯುತ್ತಲೇ ಕೇಳಿದ, “ಮೈ ಬಿಸಿ ಎಷ್ಟಿದೆ ಸಿಸ್ಟರ್?”

“ಬಂದಾಗ ಮೂವತ್ತನಾಲ್ಕಿತ್ತು. ಈಗ ಮೂವತ್ತಾರು ಡಿಗ್ರಿ ಸೆಲ್ಸಿಯಸ್, ಇನ್ನು ಭಯವಿಲ್ಲ.”