ಕಿಡಕಿ ಹೊರಗಿನ ಐದನೇ ದನಿ

ಆ ಬಾಗಿಲಾ ಸ್ವಲ್ಪ ಮುಂದಕ್ಕ ಮಾಡ್ರಿ... ಹಾಂ. ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನಮ್ಮ ಮೈಲಾರಪ್ಪ ಕಾಕಾಗ ಆಗಿದ್ದು. ನಮ್ಮಪ್ಪನ ಖಾಸಾ ತಮ್ಮ, ಹತ್ತಿಮತ್ತೂರಾಗ ಇರ್ತಾನ.

ಕಾಕಾ ಭಾಳ ಸಂಶಯದ ಮನಷ್ಯಾ. ಕಣ್ಣ ಮುಂದ ಎಮ್ಮಿ ಹಿಂಡಿಸಿದ್ರೂ ಹಾಲಿನ್ಯಾಗ ಬೆರಳದ್ದಿ ನೋಡಾಂವ. ಅಂಥಾಂವ ಹಿತ್ತಲದಾಗಿನ ಎರಡು ಖೋಲಿ ಒಂದು ಕಥೋಲಿಕ ಮನೆತನಕ್ಕ ಬಾಡಿಗಿ ಕೊಟ್ಟ. ಇನಾಸಪ್ಪ ಅಂತ, ಸವಣೂರಾಗ ಬೋರಿನ ಮೋಟರ್ ರಿಪೇರಿ ಮಾಡ್ತಾನ. ಅಂವ, ಹೆಂಡ್ತಿ, ಮುದುಕಿ ತಾಯಿ, ಹತ್ತನೇ ಕ್ಲಾಸ್ ಓದೋ ಮಗಳು ಅಂಕಿತಾ. "ನಾಕು ಮಂದಿ ಅಂದ್ರ ನಾಕ ಮಂದಿ. ಐದನೇ ಜೋಡು ಚಪ್ಪಲಿ ಕಂಡ್ರ ಮರುದಿನ ಖೋಲಿ ಖಾಲಿ," ಅಂತ ಕಾಕಾ ಮೊದ್ಲ ಹೇಳಿಬಿಟ್ಟಿದ್ದ.

ಹ್ವಾದ ವರ್ಷ ನವೆಂಬರ್. ಕಾಕಾ ಕಡೀ ಬಸ್ ಇಳದು ಹಿತ್ತಲ ದಾರಿ ಹಿಡದ. ಕರೆಂಟ್ ಹೋಗಿತ್ತು. ಆ ದಾರ್ಯಾಗ ಒಂದು ಹಾಳು ಬಾವಿ ಐತಿ... ಅದನ್ನ ದಾಟಿದ್ರ ಇನಾಸಪ್ಪನ ಕಿಡಕಿ. ಒಳಗ ಮೇಣಬತ್ತಿ ಹಚ್ಚಿ ಎಲ್ಲಾರೂ ಜಪಸರ ಹಿಡದು ಕುಂತಿದ್ರು. ಅವ್ರ ಪ್ರಾರ್ಥನಾ ಹೆಂಗಂದ್ರ, ಒಬ್ರು ಅರ್ಧ ಹೇಳ್ತಾರ, ಉಳಿದರ್ಧ ಎಲ್ಲಾರೂ ಕೂಡಿ. ಮಣಿ ಜಾರೋ ಸಪ್ಪಳ... ಟಿಕ್... ಟಿಕ್. "ನಮಗಾಗಿ ಪ್ರಾರ್ಥಿಸಿರಿ" ಅಂತ ಮುಗಿಸಿದ್ರು.

ಮುಗಿಸಿದ ಮ್ಯಾಲ, ಒಂದು ಉಸಿರು ತಡಾಗಿ, ಮತ್ತೊಂದು ಹೆಣ್ಣುದನಿ.

"...ಪ್ರಾರ್ಥಿಸಿರಿ."

ಕಾಕಾ ಬೆರಳು ಮಡಚಿದ. ಇನಾಸಪ್ಪ, ಹೆಂಡ್ತಿ, ಮುದುಕಿ, ಹುಡುಗಿ... ಮತ್ತ ಇದು? ಮರುದಿನಾನೂ ಬಂದು ಕಿಡಕಿ ಬಾಜೂಕ ನಿಂತು ಎಣಿಸಿದ. ಐದು. ಮೂರನೇ ದಿನಾನೂ ಐದು. ಬಾಗಿಲದಾಗ ನಾಕ ಜೋಡು ಚಪ್ಪಲಿ. "ಕಳ್ಳರು, ಚಪ್ಪಲಿ ಸುದ್ದಾ ಮುಚ್ಚಿಡ್ತಾರ!" ಅಂದ. ಯಾರನ್ನೋ ಅಡಗಿಸಿ ಇಟ್ಟಾರ, ನಾಳೆ ಪೊಲೀಸ್ರು ತನ್ನ ಬಾಗಿಲಿಗೆ ಬರ್ತಾರ ಅನ್ನೋದು ಅವನ ತಲ್ಯಾಗ ಕುಂತುಬಿಡ್ತು.

ನಾಕನೇ ದಿನ ಪ್ರಾರ್ಥನಾ ನಡದಾಗ ಬಾಗಿಲಾ ಬಡದ. ಧಡ್... ಧಡ್.

"ಇನಾಸಪ್ಪಾ, ಐದನೇದವ್ರನ್ನ ಹೊರಗ ತಗಿ. ಇಲ್ಲಾಂದ್ರ ನಾಳೆ ಖೋಲಿ ಬಿಡು."

"ಐದನೇದವ್ರು ಯಾರಿಲ್ರಿ ಮಾಲಕ್ರ. ಮಾರ್ಚನ್ಯಾಗ ಹುಡುಗಿ ಪರೀಕ್ಷಾ ಐತ್ರಿ. ನಮಗ ಮನಿ ಕೊಡೋರ ಕಡಿಮಿ... ನಡು ವರ್ಷದಾಗ ಎಲ್ಲಿಗೆ ಹೋಗೂಣ್ರಿ?"

ಕಾಕಾ ಕೇಳ್ಲಿಲ್ಲ. ಟಾರ್ಚ್ ಹಚ್ಚಿ ಕಾಟಿನ ಬುಡಕ ನೋಡಿದ, ಬಚ್ಚಲ ನೋಡಿದ, ಹಿಟ್ಟಿನ ಡಬ್ಬಿ ಹಿಂದ ನೋಡಿದ. ಹಿಟ್ಟಿನ ಡಬ್ಬಿ ಹಿಂದ ಎಂಥಾ ಮನಷ್ಯಾ ಕುಂತಾನೋ, ಅವನಿಗೇ ಗೊತ್ತು. ಯಾರೂ ಇರ್ಲಿಲ್ಲ.

ಮುದುಕಿ ಮೆಲ್ಲಕ ಅಂದ್ಲು, "ಕುಂತ್ಕೊರ್ರಿ. ಕಡೀ ಹತ್ತು ಮಣಿ ಉಳದಾವ. ನಾವು ನಾಕು ಮಂದಿ ಒಬ್ಬೊಬ್ರು ಹತ್ತತ್ತು ಮಣಿ ಹೇಳ್ತೇವಿ. ಐದನೇ ಹತ್ತು, ಯಾರೂ ಹೆಸರು ಹಿಡದು ನೆನಸದ ಸತ್ತವ್ರಿಗೆ."

ಕಾಕಾ ಕಿಡಕಿಗೆ ಬೆನ್ನು ಕೊಟ್ಟು ಕುಂತ. ಕಣ್ಣು ಮಿಟುಕಿಸದ ಅವ್ರ ಬಾಯಿ ನೋಡಾಕತ್ತಿದ್ದ. ನಾಕು ಬಾಯಿ ಹೇಳಿದ್ವು. ನಾಕೂ ಮುಚ್ಚಿದ್ವು.

"...ಪ್ರಾರ್ಥಿಸಿರಿ."

ಬೆನ್ನ ಹಿಂದ. ಕಿಡಕಿ ಹೊರಗ.

ತಿಳೀತಿಲ್ಲೋ? ಮೂರೂ ದಿನ ಆ ದನಿ ಒಳಗ ಇರ್ಲೇ ಇಲ್ಲ. ಕಾಕಾನ ಬಾಜೂಕ ನಿಂತಿತ್ತು.

"ನಾವು ಬಂದಾಗಿಂದ ಬರ್ತಾರ್ರಿ," ಮುದುಕಿ ಪಿಸುಗುಟ್ಟಿದ್ಲು. "ಹೆಸರು ಗೊತ್ತಿಲ್ಲ. ನಿಮಗೇನರ ಗೊತ್ತೈತೇನ್ರಿ?"

"ನನಗೇನ್ ಗೊತ್ತು? ನನ್ನ ಯಾಕ ಕೇಳ್ತೀರಿ? ನಾ ಏನ್ ಮಾಡೇನಿ?" ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗಾತು.

ಆಗ ಕಿಡಕಿ ಹೊರಗಿಂದ...

"ಮೈಲ್ಯಾ..."

ಹಂಗ ಕರೀತಿದ್ದಾಕಿ ಒಬ್ಬಾಕಿನ. ಕಾಕಾನ ಅಕ್ಕ ಗುತ್ತೆವ್ವ. ಗಂಡನ ಮನಿ ಬಿಟ್ಟು ತವರಿಗೆ ಬಂದಿದ್ಲು. ಮೂವತ್ತು ವರ್ಷದ ಹಿಂದ ಆ ಬಾವಿಗೆ ಬಿದ್ಲು. ಕಾಲು ಜಾರಿತು ಅಂದ್ರು. ಒಬ್ಬಾಕಿನ ನೀರಿಗೆ ಹೋಗಿದ್ಲು ಅಂದ್ರು. ಆಮ್ಯಾಲ ಮನ್ಯಾಗ ಆಕಿ ಫೋಟೋ ಇಲ್ಲ, ಹಿರ್ಯಾರ ಹಬ್ಬಕ್ಕ ಆಕಿಗೊಂದು ಎಡಿ ಇಲ್ಲ. ನಮ್ಮವ್ವ ಒಮ್ಮೆ ಬಾಯಿ ತಪ್ಪಿ ಅಂದಿದ್ದಕ್ಕ ನನಗ ಗೊತ್ತಾತು. ಸತ್ತಾಕಿ ಹೆಸರು ಅಷ್ಟ್ಯಾಕ ಮುಚ್ಚಿಟ್ರು? ಕೇಳಿದ್ರ ಎಲ್ಲಾರೂ ಮಾತು ಮರೆಸ್ತಾರ.

"ಗುತ್ತೆವ್ವ," ಅಂದ ಕಾಕಾ. "ನಮ್ಮಕ್ಕ." ಅಷ್ಟು ದೊಡ್ಡ ಮೀಸಿ ಮನಷ್ಯಾ, ಸಣ್ಣ ಹುಡುಗನಂಗ ಅತ್ತನಂತ.

ಮುದುಕಿ ಆ ಹೆಸರು ಹಿಡದು ಮತ್ತ ಹತ್ತು ಮಣಿ ಹೇಳಿದ್ಲು. ಹೊರಗ ಒಣ ಎಲಿ ತುಳದ ಸಪ್ಪಳ... ಸರ್... ಸರ್... ಬಾವಿ ಕಡೆ ಹೋತು. ಕಾಕಾ ಏಳಾಗ ಅಂದ, "ಇಲ್ಲೇ ಇರ್ರಿ ನೀವು. ಎಲ್ಲಿಗೂ ಹೋಗಬ್ಯಾಡ್ರಿ." ಹುಡುಗಿ ಪಾಸ್ ಆದ್ಲು. ಈ ಸಲ ಹಿರ್ಯಾರ ಹಬ್ಬಕ್ಕ ಗುತ್ತೆವ್ವಗ ಎಡಿ ಇಟ್ರು, ಸೀರಿ ಏರಿಸಿದ್ರು.

ಮುಗೀತು ಅಂದ್ಕೊಂಡ್ರೇನು? ನಾ ಆ ಕಾಕಾನ ಅಣ್ಣನ ಮಗ. ಸಂಶಯ ರಕ್ತದಾಗ ಬಂದೈತಿ.

ಮೊನ್ನಿ ದೀಪಾವಳಿಗೆ ಹೋದಾಗ ಅದ ಕಿಡಕಿ ಹೊರಗ ನಿಂತೆ. ಒಳಗ ನಾಕು ದನಿ. "ಪ್ರಾರ್ಥಿಸಿರಿ" ಅಂತ ಮುಗಿಸಿದ್ರು. ಉಸಿರು ಹಿಡದು ಕಾಯ್ದೆ. ಹೆಂಗಸಿನ ದನಿ ಬರ್ಲಿಲ್ಲ. ಸಮಾಧಾನ ಆತು, ಹೊರಳಿ ಹೊಂಟೆ.

ಆಗ ಕೆಳಗ... ನನ್ನ ಮೊಣಕಾಲಿನ ಹತ್ರ. ಭಾಳ ಸಣ್ಣ ಕೂಸಿನ ದನಿ. ಇನ್ನೂ ಪೂರಾ ಮಾತು ಬಾರದ್ದು.

"...ಸಿರಿ."

ನಂಬ್ರಿ, ಬಿಡ್ರಿ. ಅವ್ವನ ಆಣಿ, ಈ ಕಿವೀಲೆ ಕೇಳೇನಿ. ಆ ಹುಡುಗಿ ಅಂಕಿತಾನೂ ಕೇಳ್ಯಾಳ. "ಅಜ್ಜಾರ, ಇನ್ನೊಂದು ಹೆಸರು ಹೇಳ್ರಿ," ಅಂತ ಕಾಕಾಗ ಅಂದ್ಲಂತ. ಕಾಕಾ ಎದ್ದು ಹೋದ.

ಗುತ್ತೆವ್ವ ಒಬ್ಬಾಕಿನ ಬಾವಿಗೆ ಹೋಗಿದ್ಲು ಅಂತ ಇವತ್ತಿಗೂ ಹೇಳ್ತಾನ.