ಬಳೆಚೂರಿನ ಭರಣಿ

ಹೂಂಗುಟ್ಟೋರು ಯಾರು? ಮೊದಲು ಅದನ್ನ ಹೇಳಿ. ಹೂಂ ಅನ್ನೋರಿಲ್ಲದೆ ನಾನು ಬಾಯಿ ಬಿಡೋಳಲ್ಲ. ನೀನಾ ನಿಂಗಿ? ಸರಿ. ಆಕಳಿಸಿದ್ರೆ ಮಾತ್ರ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ನೋಡು.

ಒಂದೂರು. ಯಾವೂರು ಅಂತ ಕೇಳಬೇಡಿ, ನಮ್ಮಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಿಗೊಂದು ಕೆರೆ. ಕೆರೆಯಂಗಳದಲ್ಲಿ ಬೆಣ್ಣೆಯಂಥ ಮಣ್ಣು. ಆ ಮಣ್ಣು ತೆಗೆಯೋ ಹಕ್ಕು ಒಂದೇ ಮನೆಗೆ. ಆ ಮನೇಲಿ ಕುಂಬಾರಗಿತ್ತಿ ಸಾಕವ್ವ, ಅವಳ ಗಂಡ ಕಾಳಯ್ಯ.

ಇವರು ಬರೀ ಮಡಕೆ ಮಾಡೋರಲ್ಲ, ಉಪ್ಪಿನಕಾಯಿ ಭರಣಿ ಮಾಡೋರು. ಒಳಗೂ ಹೊರಗೂ ಗಾಜಿನ ಮೆರುಗು, ಒಂದು ಹನಿ ಸೋರಬಾರದು. ಆ ಮೆರುಗಿನ ಗುಟ್ಟು ಸಾಕವ್ವನ ಮಾವನ ಹತ್ರ ಇತ್ತು. ಒಂದು ಗುಡಾಣದ ತುಂಬ ಪುಡಿ ಇಟ್ಟಿದ್ದ. ಅದನ್ನ ಬಿಳಿಜೇಡಿ ಜೊತೆ ನೀರಲ್ಲಿ ಕಲಸಿ, ಭರಣಿಗೆ ಬಳಿದು, ಆವಿಗೇಲಿ, ಅದೇ ಮಡಕೆ ಸುಡೋ ದೊಡ್ಡ ಗೂಡಲ್ಲಿ, ಸುಟ್ಟರೆ ಫಳಫಳ ಅಂತಿತ್ತು. "ಆ ಪುಡಿ ಎಲ್ಲಿಂದ ಬಂತು ಮಾವ?" ಅಂದ್ರೆ, "ಸಾಯೋವಾಗ ಹೇಳ್ತೀನಿ ಬಿಡವ್ವ" ಅಂತಿದ್ದ. ಒಂದಿನ ಊಟಕ್ಕೆ ಕೂತೋನು ಕೂತಂಗೇ ಹೋದ. ಹೇಳಿದ್ನಾ? ಎಲ್ಲಿ ಹೇಳ್ತಾನೆ, ಬಾಯಲ್ಲಿ ತುತ್ತಿತ್ತು!

ಗುಡಾಣ ತಳ ಕಂಡಿತು. ಕೊನೇ ಹಿಡಿ ಪುಡಿಯನ್ನ ತೆಳ್ಳಗೆ ಬಳಿದು ಮಾಡಿದ ಭರಣಿ ಯಾರ ಮನೆಗೆ ಹೋಗಬೇಕು ಹೇಳಿ? ಹಾಳಾದ್ದು, ಪಾಳೇಗಾರನ ತಾಯಿ ದೊಡ್ಡವ್ವೋರ ಮನೆಗೇ ಹೋಯ್ತು. ಸೋರ್ತು. ದೊಡ್ಡವ್ವೋರು ಕೋಲೂರಿಕೊಂಡು ಸಾಕವ್ವನ ಅಂಗಳಕ್ಕೆ ಬಂದ್ರು.

"ನೋಡೇ ಸಾಕವ್ವ, ನಮ್ಮೆಜಮಾನ್ರು ಹೋಗಿ ನಲವತ್ತು ವರ್ಷ ಆಯ್ತು. ವರ್ಷಾವರ್ಷ ಅವರ ಎಡೆಗೆ ನಿಂಬೆಕಾಯಿ ಉಪ್ಪಿನಕಾಯಿ ಇಡ್ತೀನಿ. ಅದಿಲ್ಲದೆ ಅವರಿಗೆ ಊಟ ಸೇರ್ತಿರಲಿಲ್ಲ. ಈ ವರ್ಷ ಭರಣಿ ಸೋರಿ ಎಲ್ಲಾ ಬೂಸಲು. ಎಲೇಲಿ ಆ ಜಾಗ ಖಾಲಿ ಬಿಟ್ಟೆ ಕಣೇ! ಇನ್ನು ಮೂರು ಸಲ ಆವಿಗೆ ಹಚ್ಚೋಕೆ ಅವಕಾಶ ಕೊಡ್ತೀನಿ. ಮೂರರಲ್ಲೂ ಒಂದು ನೆಟ್ಟಗಿನ ಭರಣಿ ಬರಲಿಲ್ಲ ಅಂದ್ರೆ ಕೆರೆ ಮಣ್ಣು ಪಕ್ಕದೂರಿನ ಕುಂಬಾರರಿಗೆ."

ಮಣ್ಣೇ ಹೋದ್ಮೇಲೆ ಸಾಕವ್ವ ಚಕ್ರದ ಮೇಲೆ ಏನು ತಿರುಗಿಸ್ತಾಳೆ, ತನ್ನ ತಲೆಯಾ?

ಕಾಳಯ್ಯ ಅಂದ, "ಹೆದರಬೇಡ. ಮೆರುಗು ಅಂದ್ರೆ ಮರಳು, ಚೌಳು ಅಷ್ಟೇ ಅಂತ ಅಪ್ಪ ಅಂದಿದ್ದು ನನ್ನ ಕಿವೀಲಿದೆ." ಚೌಳು ಗೊತ್ತಲ್ಲ? ಅಗಸರು ಬಟ್ಟೆಗೆ ಹಾಕೋ ಬಿಳೀ ಪುಡಿ. ಬೆಂಕೀಲಿ ತಾನೂ ಕರಗ್ತದೆ, ಮರಳನ್ನೂ ಕರಗಿಸ್ತದೆ. ಕಾಳಯ್ಯ ಹೇಳಿದ್ದು ಸುಳ್ಳಲ್ಲ ಕಣ್ರಪ್ಪ, ಪೂರ್ತಿ ಅಲ್ಲ ಅಷ್ಟೇ.

ಮರಳು, ಚೌಳು, ಬಿಳಿಜೇಡಿ ಕಲಸಿಟ್ಟಳು. ಬೆಳಿಗ್ಗೆ ಮೇಲೆ ತಿಳಿನೀರು ನಿಂತಿತ್ತು. ಮೆರುಗು ಗಟ್ಟಿಯಾಗಲಿ ಅಂತ ಆ ತಿಳಿ ಬಸಿಯೋದು ಆ ಮನೆಯ ಪದ್ಧತಿ. ಬಸಿದ ನೀರನ್ನ ನೆಲಕ್ಕೆ ಚೆಲ್ಲೋ ಹಾಗಿಲ್ಲ, ತುಳಿಯೋ ಹಾಗಿಲ್ಲ. ಅದರಲ್ಲೇ ಮಣ್ಣು ಕಲಸಿ ಹಣತೆ ಮಾಡಬೇಕು. ಸಾಕವ್ವ ಹಾಗೇ ಮಾಡಿದಳು. ಭರಣಿ, ಹಣತೆ ಎರಡನ್ನೂ ಆವಿಗೇಲಿಟ್ಟು ಸುಟ್ಟಳು.

ಆವಿಗೆ ಆರಿತು, ತೆಗೆದರು. ಭರಣಿ ಬೂದಿಬಣ್ಣ, ಮುಟ್ಟಿದ್ರೆ ಗರಗರ. ಹಣತೆ? ಫಳಫಳ!

"ಇದೇನ್ರೀ ಇದು? ಮೆರುಗು ಬಳಿದಿದ್ದಕ್ಕೆ ಮೆರುಗಿಲ್ಲ, ಬಳೀದೇ ಇದ್ದದ್ದಕ್ಕೆ ಮೆರುಗು!"

"ಜಾಗ ಕಣೇ, ಜಾಗ. ಹಣತೆ ಇಟ್ಟ ಕಡೆ ಬೆಂಕಿ ಚೆನ್ನಾಗಿದೆ. ಭರಣೀನ ಅಲ್ಲಿಡು."

ಎರಡನೇ ಆವಿಗೆ. ಭರಣಿ ಹಣತೆ ಜಾಗಕ್ಕೆ ಬಂತು, ಹಣತೆ ಭರಣಿ ಜಾಗಕ್ಕೆ ಹೋಯ್ತು. ಯಾವುದಕ್ಕೂ ಇರಲಿ ಅಂತ ಸಾಕವ್ವ ಚೌಳನ್ನೂ ಎರಡರಷ್ಟು ಹಾಕಿದಳು. ಮತ್ತೆ ತಿಳಿ ಬಸಿದಳು, ಮತ್ತೆ ಹಣತೆ ಮಾಡಿದಳು. ಕಾಳಯ್ಯ ಆವಿಗೆ ಬಾಯಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ತೆಗೆದು ನೋಡ್ತಾರೆ, ಭರಣಿ ಮತ್ತೂ ಗರಗರ. ಹಣತೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡು ಕೂತಿವೆ!

ತಲೆ ಕೆಟ್ಟೋಯ್ತು. ಗಂಡ ಹೆಂಡತಿ ಮುಖ ನೋಡ್ತಾನೆ, ಹೆಂಡತಿ ಹಣತೆ ಮುಖ ನೋಡ್ತಾಳೆ. "ಯಾರೋ ಮಾಟ ಮಾಡಿಸಿದ್ದಾರೆ" ಅಂದ ಕಾಳಯ್ಯ. "ಅಪ್ಪನಿಗೇ ಕೋಪ ಬಂದಿದೆ" ಅಂದ. "ನೀನೇ ಅಳತೆ ತಪ್ಪಿದೀಯ" ಅಂದ. ಮೂರನೇದು ಕೇಳಿ ಸಾಕವ್ವನಿಗೆ ರೇಗಿತು, ಕೈಯಲ್ಲಿದ್ದ ಹಣತೆ ಎಸೆದೇಬಿಟ್ಟಳು. ಹೋಗಿ ಉಳಿದಿದ್ದ ತಿಳಿನೀರಿನ ಬಾನೀಲಿ ಬಿತ್ತು, ನೀರು ತುಟಿಗೆ ಹಾರಿತು. ನಾಲಿಗೆ ಚುರ್ ಅಂತು.

"ಥೂ! ಚೌಳು!... ಏನ್ರೀ, ಚೌಳು ನೀರಲ್ಲಿದೆ! ಉಪ್ಪಿನಂಗೆ ಕರಗಿ ನೀರಿಗೆ ಸೇರಿದೆ. ನಾನು ತಿಳಿ ಬಸಿದಾಗ ಅದೂ ಬಸಿದು ಹೋಗಿದೆ. ಹೋಗಿ ಹಣತೆ ಒಳಗೆ ಕೂತಿದೆ!"

"ಅಪ್ಪನೂ ತಿಳಿ ಬಸೀತಿದ್ದ. ಅವನ ಪುಡಿ ಯಾಕೆ ಹೋಗ್ತಿರಲಿಲ್ಲ?"

ಬಿಡಿಸಿದ ಗಂಟು ಮತ್ತೆ ಬಿತ್ತು. ಹೌದಲ್ಲ, ಯಾಕೆ ಹೋಗ್ತಿರಲಿಲ್ಲ? ನಿಂಗಿ, ನಿನಗೆ ಗೊತ್ತಾ? ಗೊತ್ತಿಲ್ಲದಿದ್ರೆ ಹೂಂ ಅನ್ನು ಸಾಕು.

ಸಾಕವ್ವ ಮಾವನ ಗುಡಾಣ ಬೋರಲು ಹಾಕಿ ತಟ್ಟಿದಳು. ಪುಡಿ ಬೀಳಲಿಲ್ಲ. ಇನ್ನೊಂದು ಸಲ ತಟ್ಟಿದಳು, ಧೂಳು ಬಿತ್ತು. ಮೂರನೇ ಸಲ ತಟ್ಟಿದಳು, ಟಿಣ್ ಅಂತ ಒಂದು ಚೂರು ಬಿತ್ತು. ಕಡಲೆಯಷ್ಟು ಗಾಜು, ಗಿಣಿಹಸಿರು, ಸ್ವಲ್ಪ ಬಾಗಿದೆ. ಕೈಗೆತ್ತಿಕೊಂಡಳು. ಆ ಬಾಗು ಅವಳ ಮಣಿಕಟ್ಟಿಗೆ ಸರಿಯಾಗಿ ಕೂತಿತು. ಬಳೆ!

"ದಿನವೆಲ್ಲಾ ನೀರಲ್ಲಿ ಕೈ ಆಡಿಸ್ತೀನಿ, ಬಳೆ ಕರಗ್ತದೇನ್ರೀ? ಬಳೆ ಅಂದ್ರೂ ಮರಳು, ಚೌಳೇ. ಮೊದಲೇ ಒಂದು ಸಲ ಬೆಂಕೀಲಿ ಕರಗಿಸಿ ಚೌಳನ್ನ ಮರಳಿಗೆ ಕಟ್ಟಿಹಾಕಿಬಿಟ್ಟಿದ್ದಾರೆ. ಆಮೇಲೆ ನೀರು ಕರೆದ್ರೆ ಅದು ಹೋಗಲ್ಲ. ಮಾವ ಬಳೆಚೂರು ಕುಟ್ಟಿ ಆ ಪುಡಿ ಮಾಡ್ತಿದ್ದ!"

ಸಾಕವ್ವ ಕೇಳಿದ್ದೇ ತಡ, ಊರ ಹೆಂಗಸರು ಒಡೆದ ಬಳೆ ಮಡಿಲಲ್ಲಿ ತಂದು ಸುರಿದ್ರು. ಅಲ್ಲಿಗೆ ಮುಗೀತಾ? ಎಲ್ಲಿ ಮುಗೀತು! ಹಳದಿ ಇದೆ, ಕಪ್ಪು ಇದೆ, ಹಳೇ ಗಿಣಿಹಸಿರು ಇದೆ. ಯಾವುದು ಹಾಕೋದು? ಸಾಕವ್ವ ಮೂರನ್ನೂ ಬೇರೆಬೇರೆ ಕುಟ್ಟಿ, ಜರಡಿ ಹಿಡಿದು, ಮೂರು ಮಣ್ಣಿನ ಬಿಲ್ಲೆಗೆ ಬಳಿದು, ಆವಿಗೆ ಹಚ್ಚದೆ ಒಂದು ಪುಟ್ಟ ಗೂಡಲ್ಲಿ ಸುಟ್ಟಳು. ಹಳದಿ ಎಲ್ಲಕ್ಕಿಂತ ಮೊದಲು ಕರಗಿ ಕನ್ನಡಿಯಾಯ್ತು. "ಇದೇ, ಇದೇ!" ಅಂತ ಕಾಳಯ್ಯ ಕುಣಿದ.

"ತಡೀರಿ. ಇದರಲ್ಲಿ ಇಡೋದು ನಿಂಬೆಕಾಯಿ."

ಮೂರಕ್ಕೂ ನಿಂಬೆರಸ ಹಿಂಡಿ ಬಿಸಿಲಿಗಿಟ್ಟಳು. ಸಂಜೆ ಹೊತ್ತಿಗೆ ಹಳದಿಯ ಹೊಳಪೆಲ್ಲಾ ಮಾಸಿತ್ತು. ಅದರೊಳಗಿಂದ ಏನೋ ರಸಕ್ಕೆ ಇಳಿದಿತ್ತು. "ಹೊಟ್ಟೆಗೆ ಹೋಗೋ ಪದಾರ್ಥಕ್ಕೆ ಇದು ಬೇಡವೇ ಬೇಡ" ಅಂತ ಆಚೆಗಿಟ್ಟಳು. ಕಪ್ಪಿನ ಮೆರುಗು ಆರ್ತಾ ಆರ್ತಾ ಮಣ್ಣಿಗಿಂತ ಜಾಸ್ತಿ ಕುಗ್ಗಿ, ಜೇಡರ ಬಲೆ ಥರ ಸೀಳು ಬಿಟ್ಟಿತ್ತು. ಸೀಳಲ್ಲಿ ರಸ ಇಳೀತಿತ್ತು. ಗಿಣಿಹಸಿರು ಮಾತ್ರ ಮಾಸಲಿಲ್ಲ, ಸೀಳಲಿಲ್ಲ.

ಆದರೆ ಅದು ಅಜ್ಜಿಯರ ಕಾಲದ ಬಳೆ. ಮಾಡ್ತಿದ್ದ ಭಟ್ಟಿ ಮುಚ್ಚಿ ಎಷ್ಟೋ ವರ್ಷ ಆಗಿದೆ. ಊರೆಲ್ಲಾ ಜಾಲಾಡಿದ್ರೂ ಒಂದು ಹಿಡಿ. ಭರಣಿಗೆ ಬೇಕಾದ್ದು ಎರಡು ಸೇರು. ಸಾಕವ್ವ ಮೊರದ ಮುಂದೆ ಕೂತು ಗೊಳೋ ಅಂತ ಅತ್ತಳು. ಗೊತ್ತಿಲ್ಲದಿದ್ದಾಗ ಬರದ ಅಳು ಗೊತ್ತಾದ ಮೇಲೆ ಬಂತು.

ಆ ಹೊತ್ತಿಗೇ ದೊಡ್ಡವ್ವೋರು ಬರಬೇಕಾ? ಬಂದ್ರು.

"ಏನೇ, ಭರಣಿ ಎಲ್ಲಿ? ಇದೇನು, ಬಳೆ ಮುಂದಿಟ್ಕೊಂಡು ಅಳ್ತಿದೀಯ?"

ಸಾಕವ್ವ ಮುಚ್ಚುಮರೆ ಮಾಡದೆ ಎಲ್ಲಾ ಹೇಳಿದಳು. ಹಸಿರು ಚೂರನ್ನ ಅಂಗೈಲಿಟ್ಟು ತೋರಿಸಿದಳು. "ಇಂಥದು ಇದ್ದಿದ್ರೆ ಆಗ್ತಿತ್ತು ಅವ್ವೋರೇ. ಇಲ್ಲ. ಮಣ್ಣು ಯಾರಿಗೆ ಕೊಡ್ತೀರೋ ಕೊಡಿ."

ದೊಡ್ಡವ್ವೋರು ಆ ಚೂರನ್ನ ನೋಡಿದ್ರು, ತಮ್ಮ ಬರಿಗೈ ನೋಡ್ಕೊಂಡ್ರು. ಕೋಲೂರಿಕೊಂಡು ಹೊರಟುಹೋದ್ರು. "ಮುಗೀತು ನಮ್ಮ ಕಥೆ" ಅಂದ ಕಾಳಯ್ಯ.

ಮುಗೀಲಿಲ್ಲ. ಬಿಸಿಲಿಳಿಯೋ ಹೊತ್ತಿಗೆ ದೊಡ್ಡವ್ವೋರು ತಿರುಗಿ ಬಂದ್ರು, ಸೊಂಟದ ಮೇಲೆ ಒಂದು ಗಂಟು. ಬಿಚ್ಚಿದ್ರು. ತುಂಬ ಗಿಣಿಹಸಿರು ಚೂರು.

"ಎಜಮಾನ್ರು ಹಬ್ಬಹಬ್ಬಕ್ಕೂ ಇದನ್ನೇ ತೊಡಿಸೋರು, ಬೇರೆ ಬಣ್ಣ ಅವರಿಗೆ ಹಿಡಿಸ್ತಿರಲಿಲ್ಲ. ಒಡೆದ ಚೂರನ್ನೂ ನಾನು ಎಸೀತಿರಲಿಲ್ಲ. ಅವರು ಹೋದ ದಿನ ಎರಡು ಕೈದೂ ಒಡೆದ್ರಲ್ಲ, ಅದನ್ನೂ ಒಂದೂ ಬಿಡದೆ ಆಯ್ದಿಟ್ಟೆ. ಯಾಕಿಟ್ಟೆ ಅಂತ ನಲವತ್ತು ವರ್ಷದಿಂದ ನನಗೇ ಗೊತ್ತಿರಲಿಲ್ಲ ಕಣೇ. ಕುಟ್ಟು."

ಸಾಕವ್ವನ ಕೈ ಒನಕೆ ಎತ್ತಲಿಲ್ಲ. ದೊಡ್ಡವ್ವೋರೇ ಮೊದಲ ಪೆಟ್ಟು ಹಾಕಿದ್ರು. ಆಮೇಲೆ ಇಬ್ಬರೂ ಕೂಡಿ ಕುಟ್ಟಿದ್ರು.

ಮೂರನೇ ಆವಿಗೆ. ತಿಳಿ ಬಸಿದಳು, ಈ ಸಲ ತಿಳಿ ಬರೀ ನೀರು. ಹಣತೆ ಬರೀ ಮಣ್ಣಾಗಿ ಬಂತು. ಭರಣಿ ಹಸಿರಾಗಿ, ತಣ್ಣಗೆ ಹೊಳೀತಾ ಬಂತು. ನಿಂಬೆರಸ ತುಂಬಿ ಮೂರು ದಿನ ಇಟ್ಟರೂ ಹೊಳಪು ಮಾಸಲಿಲ್ಲ, ಹೊರಗೆ ಒದ್ದೆ ಕಾಣಲಿಲ್ಲ. ಕೆರೆ ಮಣ್ಣು ಸಾಕವ್ವನ ಮನೇಲೇ ಉಳೀತು.

"ಆಳು ಕಳಿಸಿ ಅವ್ವೋರೇ, ಮನೆಗೆ ಹೊತ್ಕೊಂಡು ಹೋಗ್ಲಿ" ಅಂದಳು ಸಾಕವ್ವ.

"ಯಾರೂ ಮುಟ್ಟಬೇಡಿ" ಅಂದ್ರು ದೊಡ್ಡವ್ವೋರು. ಕೋಲನ್ನ ಕಾಳಯ್ಯನ ಕೈಗೆ ಕೊಟ್ಟು, ಎರಡು ಕೈಯಲ್ಲೂ ಭರಣಿ ತಬ್ಬಿಕೊಂಡ್ರು. "ನಲವತ್ತು ವರ್ಷ ಆಯ್ತು ಕಣೇ ಈ ಕೈ ಬಳೆ ತೊಟ್ಟು" ಅಂತ ಅಂದು, ನಿಧಾನಕ್ಕೆ ಮನೆ ಕಡೆ ನಡೆದ್ರು.

ಭರಣಿ ಅವರ ಮನೇಲಿ, ಉಪ್ಪಿನಕಾಯಿ ಎಡೆ ಎಲೇಲಿ, ಕಥೆ ನಿಮ್ಮ ಕಿವೀಲಿ. ಭರಣಿಗೆ ಮುಚ್ಚಳ ಹಾಕಿದ್ದಾಯ್ತು, ನನ್ನ ಬಾಯಿಗೂ ಹಾಕಿದೆ. ಏಳೇ ನಿಂಗಿ, ಸಾಕು ಹೂಂ ಅಂದಿದ್ದು.